ಎರಡು ವರ್ಷ ಬಚ್ಚಿಟ್ಟ ಮಾತು

"ರೀ ಅಕ್ಕಾರ, ಆಧಾರ್ ಕಾರ್ಡ್ ತೋರ್ಸ್ರಿ ಅಂತ ಮೂರ್ ಸಲ ಕೇಳಿದೆ. ಕಿವಿ ಕೇಳಸಂಗಿಲ್ಲೇನು?"

ಸವಣೂರಿನಿಂದ ಶಿಗ್ಗಾಂವದ ಮೇಲೆ ಹಾನಗಲ್ಲಿಗೆ ಹೊರಟ ಬೆಳಗಿನ ಬಸ್ಸು. ಕಾಲಿಡಲೂ ಜಾಗವಿಲ್ಲದಷ್ಟು ಜನ. ಕಿಟಕಿಗೆ ತಲೆ ಆನಿಸಿ ಕೂತಿದ್ದ ತನುಜಾ ಕಷ್ಟಪಟ್ಟು ಕಣ್ಣು ತೆರೆದಳು.

ಕಂಡಕ್ಟರನ ಮುಖ ಎರಡಾಗಿ ಕಂಡಿತು! ಒಂದರ ಪಕ್ಕ ಇನ್ನೊಂದು. ಎರಡೂ ಮುಖಗಳು ಸಿಡುಕುತ್ತಿದ್ದವು.

"ಕೊಡ್ತೇನಿ, ತಡೀರಿ! ಓಡಿ ಹೋಗ್ತೇನೇನು?"

ಚೀಲದಿಂದ ಕಾರ್ಡು ತೆಗೆದಳು. ಆದರೆ ಬಲಗೈ ಅವಳ ಮಾತು ಕೇಳಲಿಲ್ಲ. ಕಾರ್ಡು ಜಾರಿ ಅವನ ಕಾಲ ಬಳಿ ಬಿತ್ತು.

"ಹಿಂಗ ಒಗದ ಕೊಡತಾರೇನ್ರೀ? ನಾವೂ ಮನಷ್ಯಾರ ಅದೇವಿ!"

ಉತ್ತರ ಕೊಡಲು ಬಾಯಿ ತೆರೆದಳು. ಮಾತಿನ ಬದಲು ವಾಂತಿ ಬಂತು... ಅವನ ಖಾಕಿ ಅಂಗಿಯ ಮೇಲೆಯೇ! ನಾಚಿಕೆಯಿಂದ ಸಾಯುವಂತಾಯಿತು. ಕ್ಷಮೆ ಕೇಳಬೇಕು ಅಂದುಕೊಂಡಳು. ಅಷ್ಟರಲ್ಲಿ ಬಲಗೈ ಬೆರಳುಗಳು ತಾವಾಗಿಯೇ ಅದುರತೊಡಗಿದವು. ಆಮೇಲೆ ತೋಳು, ಆಮೇಲೆ ಮುಖ. ಆಮೇಲೆ ಏನೂ ಇಲ್ಲ.

"ಮೂರ್ಛಿ ಬಂತು! ಕೈಯಾಗ ಕಬ್ಬಿಣ ಕೊಡ್ರಿ! ಉಳ್ಳಾಗಡ್ಡಿ ಮೂಸಸ್ರಿ!" ಜನ ಕೂಗಿದರು.

"ಯಾರೂ ಮುಟ್ಟಬ್ಯಾಡ್ರಿ! ಹಿಂದ ಸರೀರಿ, ಗಾಳಿ ಬಿಡ್ರಿ!" ಕಂಡಕ್ಟರ್ ಅವಳನ್ನು ಸೀಟಿನ ಮೇಲೆ ಒಂದು ಮಗ್ಗುಲಾಗಿ ಮಲಗಿಸಿದ. ತಲೆಯ ಕೆಳಗೆ ತನ್ನ ಟವೆಲ್ ಇಟ್ಟ. ಆಮೇಲೆ ಡ್ರೈವರನ ಕಡೆ ತಿರುಗಿ ಗಂಟಲು ಹರಿಯುವಂತೆ ಕೂಗಿದ. "ನೀಲಪ್ಪಣ್ಣಾ, ಸ್ಟ್ಯಾಂಡಿಗೆ ಬ್ಯಾಡ! ಸೀದಾ ದವಾಖಾನಿಗೆ ಹೊಡಿ!"

ಅವನ ಹೆಸರು ಮಹಾಂತೇಶ. ಹಿರೇಕೆರೂರಿನವನು. ಅವರಿಬ್ಬರ ಮೊದಲ ಭೇಟಿ ಹೀಗೆ ಜಗಳದಲ್ಲಿ ಶುರುವಾಗಿ ದವಾಖಾನೆಯ ಸ್ಟ್ರೆಚರಿನಲ್ಲಿ ಮುಗಿಯಿತು.

ಇದು ನಡೆದು ಈಗ ಮೂರು ವರ್ಷ.

ಶಿಗ್ಗಾಂವದಿಂದ ಅವಳನ್ನು ಹುಬ್ಬಳ್ಳಿಗೆ ಕಳಿಸಿದರು. ತಲೆಯ ಸ್ಕ್ಯಾನ್ ಆಯಿತು. ನರರೋಗ ತಜ್ಞೆ ಡಾಕ್ಟರ್ ಸುಧಾರಾಣಿ ಕೇಳಿದ ಮೊದಲ ಪ್ರಶ್ನೆಗೆ ತನುಜಾಳ ತಾಯಿ ಅನ್ನವ್ವ ತಬ್ಬಿಬ್ಬಾದಳು.

"ಈ ಹುಡುಗಿ ಇತ್ತೀಚಿಗೆ ಯಾವರ ಗುಳಿಗಿ ತಗೊಂಡಾಳೇನು?"

"ರೋಗದ ಗುಳಿಗಿ ಏನೂ ಇಲ್ರಿ... ಶ್ರಾವಣದಾಗ ಹೊಸ ಮನಿ ಪೂಜಾ ಇತ್ರಿ. ಮುಟ್ಟು ಮುಂದ ಹೋಗ್ಲಿ ಅಂತ ಔಷಧ ಅಂಗಡಿಯಿಂದ ಗುಳಿಗಿ ತರಿಸಿ ಕೊಟ್ಟಿದ್ದೆ. ಸೋಮವಾರ ಸೋಮವಾರ ಉಪವಾಸಾನೂ ಇರ್ತಿದ್ಲು. ನೀರೂ ಮುಟ್ತಿದ್ದಿಲ್ಲ."

"ಎಷ್ಟ ದಿವ್ಸ ನುಂಗ್ಯಾಳ?"

"ತಿಂಗಳ ಮ್ಯಾಲಾತ್ರಿ."

ಡಾಕ್ಟರ್ ಸಿಟ್ಟು ಮಾಡಲಿಲ್ಲ. ನಿಟ್ಟುಸಿರು ಬಿಟ್ಟರು.

"ಮಿದುಳಿನಿಂದ ರಕ್ತ ಕೆಳಗ ಇಳಿಸೋ ನಾಳದಾಗ ರಕ್ತ ಹೆಪ್ಪುಗಟ್ಟೇದ. ನೀರು ಹೋಗೋ ದಾರಿ ಕಟ್ಟಿದ್ರ ಹಿಂದ ತುಂಬತದಲ್ಲ, ಹಂಗ ತಲಿಯೊಳಗ ಒತ್ತಡ ಏರೇದ. ಅದಕ್ಕ ತಲಿನೋವು, ವಾಂತಿ, ಕಣ್ಣಿಗೆ ಎರಡೆರಡು ಕಾಣೋದು, ಫಿಟ್ಸು. ಆ ಗುಳಿಗಿ ರಕ್ತ ಗಟ್ಟಿ ಆಗೂದಕ್ಕ ದಾರಿ ಮಾಡ್ತು. ನೀರು ಕುಡೀದ ಇದ್ದದ್ದು ಇನ್ನಷ್ಟು ಕೂಡ್ತು."

ಆರು ದಿನ ಅವಳು ತಲೆನೋವೆಂದು ಅತ್ತಿದ್ದಳು. ಮಲಗಿದರೆ ಹೆಚ್ಚಾಗುತ್ತಿತ್ತು, ಎದ್ದು ಕೂತರೆ ತುಸು ಕಡಿಮೆ. ಮನೆಯವರು ಪಿತ್ತ ಅಂದಿದ್ದರು. ಬಿ.ಎಡ್ ಪರೀಕ್ಷೆಯ ಚಿಂತೆ ಅಂದಿದ್ದರು. ಯಾರಿಗೂ ಅನುಮಾನ ಬಂದಿರಲಿಲ್ಲ.

ರಕ್ತ ತೆಳು ಮಾಡುವ ಇಂಜೆಕ್ಷನ್ ಶುರುವಾಯಿತು. ಮೂರನೆಯ ದಿನ ತನುಜಾ ಸರಿಯಾಗಿ ಕಣ್ಣು ಬಿಟ್ಟಾಗ ವಾರ್ಡಿನ ಬಾಗಿಲಲ್ಲಿ ಒಬ್ಬ ಗಂಡಸು ನಿಂತಿದ್ದ. ಕೈಯಲ್ಲಿ ಅವಳ ಕಾಲೇಜಿನ ಚೀಲ.

"ಬಸ್ಸಿನಾಗ ಉಳದಿತ್ರಿ," ಅಂದ ಅವನು. "ಮತ್ತ... ಆವತ್ತ ನಾ ಜೋರ್ ಮಾಡಿದ್ದೆ. ತಪ್ಪಾತ್ರಿ."

"ನಿಮ್ಮ ಅಂಗಿ ಹೊಲಸ ಮಾಡಿದ್ನಲ್ರಿ... ಅದಕ್ಕ ಇದಕ್ಕ ಸರಿ ಹೋತು."

ಅವನು ನಕ್ಕ. ಈಗ ಅವನಿಗೆ ಒಂದೇ ಮುಖವಿತ್ತು. ನೋಡಲು ಚೆನ್ನಾಗಿತ್ತು!

ಚೀಲ ಕೊಡಲು ಬಂದವನು ಮತ್ತೆ ಮತ್ತೆ ಬಂದ. ರಜೆಯ ದಿನ ಬಂದ. ರಜೆ ಇಲ್ಲದ ದಿನವೂ ಬಂದ. ಬಲಗೈಯಲ್ಲಿ ಶಕ್ತಿ ಬರಲು ಮೂರು ತಿಂಗಳು ಹಿಡಿಯಿತು. ಪೆನ್ನು ಹಿಡಿದರೆ ಅಕ್ಷರ ಓರೆಕೋರೆಯಾಗಿ ಓಡುತ್ತಿತ್ತು. ಒಂದು ದಿನ ಅವನು ಹೇಳಿದ, "ನಮ್ಮ ಬಸ್ಸಿನ ಸ್ಟಾಪಿನ ಹೆಸರು ಬರೀರಿ. ಒಂದೊಂದ ಸ್ಟಾಪ್ ಬರದಾಂಗ ನೀವು ಒಂದೊಂದ ಊರು ಮುಂದ ಬಂದಂಗ." ಅವಳು ಬರೆದಳು. ಶಿಗ್ಗಾಂವ ಬರೆಯುವಷ್ಟರಲ್ಲಿ ಬೆವರಿಳಿದಿತ್ತು. ಹಾನಗಲ್ಲ ತಲುಪುವಷ್ಟರಲ್ಲಿ ಪ್ರೀತಿಯಾಗಿತ್ತು.

ಮೂರ್ಛೆ ಬಂದ ಹುಡುಗಿ ಅಂತ ಸುದ್ದಿ ಹಬ್ಬಿ ಎರಡು ಸಂಬಂಧಗಳು ಮುರಿದಿದ್ದವು. ಅಂಥದರಲ್ಲಿ ಮಹಾಂತೇಶ ಅವಳ ಅಪ್ಪ ಶಿದ್ಲಿಂಗಪ್ಪನ ಎದುರು ಬಂದು ಕೂತ. "ನನಗ ಎಲ್ಲಾ ಗೊತ್ತೈತ್ರಿ. ಆಕಿ ಬಿದ್ದಾಗ ಹಿಡದಾಂವ ನಾನ. ಆಕಿನ್ನ ನನಗ ಕೊಡ್ರಿ."

ಒಳಗೆ ಬಾಗಿಲ ಮರೆಯಲ್ಲಿದ್ದ ತನುಜಾಳ ಕಣ್ಣು ತುಂಬಿದವು. 'ಇವನಿಂದ ನನಗೆ ಯಾವತ್ತೂ ಮೋಸವಾಗುವುದಿಲ್ಲ' ಅಂದುಕೊಂಡಳು.

ಪಾಪ... ಎಷ್ಟು ನಂಬಿದ್ದಳು!

*

ಮದುವೆಯಾಗಿ ಬಂದ ಹಿರೇಕೆರೂರಿನ ಮನೆಯಲ್ಲಿ ಅತ್ತೆ ವೀರವ್ವ ಇದ್ದಳು. ಗಂಡ ತೀರಿದ ಮೇಲೆ ಹೊಲಗೆಲಸ ಮಾಡಿ ಇಬ್ಬರು ಮಕ್ಕಳನ್ನು ಸಾಕಿದ ಗಟ್ಟಿ ಹೆಣ್ಣು. ಮಗ ಮಹಾಂತೇಶ ಊರಿನ ಡಿಪೋಕ್ಕೇ ವರ್ಗ ಮಾಡಿಸಿಕೊಂಡ. ತನುಜಾ ಒಂದು ಶಾಲೆಯಲ್ಲಿ ಟೀಚರ್ ಆದಳು. ಗುಳಿಗೆಗಳು ನಿಂತವು, ತಲೆನೋವು ಹೋಯಿತು. ಸುಖವಾಗಿದ್ದಳು.

ಮಗುವಿನ ಮಾತು ಬರುವವರೆಗೆ.

"ಈಗ ಬ್ಯಾಡ ತನು. ಇನ್ನೊಂದು ಆರ್ ತಿಂಗಳು ತಡಿ," ಅಂದ ಮೊದಲ ವರ್ಷ.

"ಯಾಕ್ರಿ?"

"ಸುಮ್ನ. ಅವಸರ ಏನೈತಿ?"

ಎರಡನೆಯ ವರ್ಷವೂ ಅದೇ ಮಾತು. ಪ್ರತಿ ಸಲವೂ ಅವನೇ ಎಚ್ಚರಿಕೆ ತೆಗೆದುಕೊಳ್ಳುತ್ತಿದ್ದ. ಒಂದು ದಿನವೂ ಮರೆಯಲಿಲ್ಲ. ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಆದರೂ ಮಗು ಅಂದ ಕೂಡಲೇ ಅವನ ಮುಖ ಬಿಗಿದುಕೊಳ್ಳುತ್ತಿತ್ತು.

'ನನ್ನಂಥ ರೋಗಿಷ್ಟೆಯಿಂದ ಇವನಿಗೆ ಮಗು ಬೇಡವೇನೋ...' ಆ ಯೋಚನೆ ಬಂದ ದಿನ ಶಾಲೆಯಲ್ಲಿ ಪಾಠ ಮಾಡಲಾಗದೆ ಮಕ್ಕಳಿಗೆ ಕಾಪಿ ಬರೆಯಲು ಹೇಳಿ ಸುಮ್ಮನೆ ಕೂತಿದ್ದಳು.

ವೀರವ್ವನಿಗೆ ಇದೇನೂ ಗೊತ್ತಿಲ್ಲ. ಸೊಸೆಗೆ ಹಿಂದೊಮ್ಮೆ ಕಾಯಿಲೆ ಬಂದದ್ದನ್ನೂ ಮಗ ತಾಯಿಗೆ ಹೇಳಿರಲಿಲ್ಲ. "ಹೇಳಿದ್ರ ಸುಮ್ನ ಚಿಂತಿ ಮಾಡ್ತಾಳ" ಅಂತ ತನುಜಾಳ ಬಾಯಿಯನ್ನೂ ಮುಚ್ಚಿಸಿದ್ದ. ವೀರವ್ವ ಸೊಸೆಯನ್ನು ರಟ್ಟೀಹಳ್ಳಿಯ ಕದಂಬೇಶ್ವರನಿಗೆ ಐದು ಸೋಮವಾರ ನಡೆಸಿದಳು. ಕಂಡಕಂಡವರ ಹತ್ತಿರ ಬೇರು, ಬೂದಿ ತಂದಳು.

ಆಮೇಲೆ ನಾದಿನಿ ಭಾಗ್ಯಶ್ರೀಯ ಕುಬಸ ಬಂತು.

ಭಾಗ್ಯಶ್ರೀಗೆ ಏಳು ತಿಂಗಳು. ಅಂಗಳದಲ್ಲಿ ಪೆಂಡಾಲು, ಹಸಿರು ಸೀರೆ, ಹಸಿರು ಬಳೆ. ಮುತ್ತೈದೆಯರು ಒಬ್ಬೊಬ್ಬರಾಗಿ ಉಡಿ ತುಂಬುತ್ತಿದ್ದರು. ತನುಜಾಳ ಸರದಿ ಬಂತು. ಅರಿಶಿನ ಕುಂಕುಮದ ತಟ್ಟೆ ಹಿಡಿದು ಮುಂದೆ ಬಂದಳು. ಭಾಗ್ಯಶ್ರೀ ಅವಳತ್ತ ನೋಡಿ ಪ್ರೀತಿಯಿಂದ ನಕ್ಕಳು.

ವೀರವ್ವ ಅಡ್ಡ ಬಂದಳು.

"ಬ್ಯಾಡ. ಬಂಜಿ ಕೈಲೆ ಉಡಿ ತುಂಬಸೂದ ಬ್ಯಾಡ. ನಮ್ಮ ಹುಡುಗಿಗೆ ಒಳ್ಳೇದ ಆಗ್ಬೇಕು."

ಉಡಿ ತುಂಬುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಅವ್ವಾ, ಏನ್ ಮಾತಾಡ್ತಿ!" ಭಾಗ್ಯಶ್ರೀ ಕೂಗಿದಳು.

ತನುಜಾ ಅತ್ತೆಯನ್ನು ನೋಡಲಿಲ್ಲ. ಗಂಡನನ್ನು ನೋಡಿದಳು. ಅವನು ಪೆಂಡಾಲಿನ ಕಂಬದ ಹತ್ತಿರ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಎಲ್ಲವನ್ನೂ ಕೇಳಿದ್ದ.

'ಒಂದು ಮಾತು ಹೇಳಿ... ಮಗು ಬೇಡ ಅಂದವನು ನಾನು ಅಂತ... ಒಂದೇ ಒಂದು ಮಾತು!'

ಮಹಾಂತೇಶ ತಲೆ ತಗ್ಗಿಸಿದ. ತಂಬಿಗೆ ಹಿಡಿದುಕೊಂಡು ಊಟದ ಪಂಕ್ತಿಯ ಕಡೆ ಹೊರಟುಹೋದ.

 ಅವಳು ತಟ್ಟೆಯನ್ನು ಕೆಳಗೆ ಇಟ್ಟಳು. ಅಳಲಿಲ್ಲ. ಅಡುಗೆಮನೆಗೆ ಹೋಗಿ ಇನ್ನೂರು ಜನರ ಊಟ ಮುಗಿಯುವವರೆಗೆ ಹೋಳಿಗೆಗೆ ತುಪ್ಪ ಹಾಕುತ್ತ ನಿಂತಳು.

*

ಮರುದಿನ ಯಾರಿಗೂ ಹೇಳದೆ ಹುಬ್ಬಳ್ಳಿಯ ಬಸ್ಸು ಹತ್ತಿದಳು. ಡಾಕ್ಟರ್ ಸುಧಾರಾಣಿಯ ಎದುರು ಕೂತಾಗ ಅವಳಿಗೆ ಒಂದೇ ಪ್ರಶ್ನೆ ಇತ್ತು.

"ಮೇಡಂ, ನನಗ ಮಕ್ಕಳಾಗಬಹುದೇನ್ರಿ?"

ಡಾಕ್ಟರ್ ಕನ್ನಡಕ ತೆಗೆದರು. "ಯಾಕ ಆಗಬಾರದು? ನಿಮ್ಮ ಯಜಮಾನ್ರಿಗೆ ಮದುವಿ ಮುಂಚೇನ ಹೇಳೇನಲ್ಲ. ಹೋದ ವರ್ಷನೂ ಬಂದಿದ್ರು. ಬಸಿರಾದ ಕೂಡಲೆ ರಕ್ತ ತೆಳು ಮಾಡೋ ಇಂಜೆಕ್ಷನ್ ಶುರು ಮಾಡ್ಬೇಕು. ಹೆರಿಗಿ ಆಗಿ ಆರು ವಾರದ ತನಕ ತಗೋಬೇಕು. ಸಾಕಷ್ಟು ನೀರು ಕುಡೀಬೇಕು. ಮುಟ್ಟು ಮುಂದ ಹಾಕೋ ಗುಳಿಗಿ, ಬಸಿರು ತಡಿಯೋ ಆ ಜಾತಿ ಗುಳಿಗಿ ಇನ್ನು ಯಾವತ್ತೂ ಮುಟ್ಟಬಾರದು. ಹಿಂಗ ನೋಡಿಕೊಂಡ್ರ ಹೆಚ್ಚಿನ ಹೆಣ್ಮಕ್ಕಳು ಚಲೋತ್ನಾಗ ಹೆರತಾರ."

ತನುಜಾ ಕುರ್ಚಿಯ ಅಂಚಿಗೆ ಸರಿದಳು.

"ಅವರು... ಬಂದಿದ್ರಾ?"

"ಹೂಂ. ಗ್ಯಾರಂಟಿ ಕೊಡ್ರಿ ಅಂದ್ರು. ಗ್ಯಾರಂಟಿ ಯಾವ ಡಾಕ್ಟರೂ ಕೊಡಂಗಿಲ್ಲ, ಇಬ್ಬರೂ ಕೂಡಿ ಬರ್ರಿ, ಮಾತಾಡೋಣು ಅಂದೆ." ಡಾಕ್ಟರ್ ಅವಳ ಮುಖ ನೋಡಿ ತಡೆದರು. "ನಿಮಗ ಹೇಳಿಲ್ಲೇನು? ನಿಮ್ಮ ತಂದಿಗೂ ಹೇಳಿದ್ದೆ. ಫೈಲಿನ ಕಡೀ ಹಾಳ್ಯಾಗ ಬರದೂ ಕೊಟ್ಟೇನಿ."

ಅವಳ ಫೈಲಿನಲ್ಲಿ ಅಂಥ ಹಾಳೆ ಇರಲೇ ಇಲ್ಲ!

ಎರಡು ವರ್ಷ... ಎರಡು ವರ್ಷ ಆ ಮಾತು ಅವನ ಬಾಯೊಳಗಿತ್ತು. ಐದು ಸೋಮವಾರ ಅವಳು ಬರಿಗಾಲಲ್ಲಿ ನಡೆದಾಗ ಇತ್ತು. ಬೂದಿ ನುಂಗಿ ವಾಂತಿ ಮಾಡಿಕೊಂಡಾಗ ಇತ್ತು. ಬಂಜಿ ಅನ್ನಿಸಿಕೊಂಡಾಗಲೂ ಇತ್ತು. ಅವನು ನೀರಿನ ತಂಬಿಗೆ ಹಿಡಿದುಕೊಂಡು ಹೋದ.

ಅವಳು ಹಿರೇಕೆರೂರಿಗೆ ಹೋಗಲಿಲ್ಲ. ಸವಣೂರಿನಲ್ಲಿ ಇಳಿದಳು.

ಶಿದ್ಲಿಂಗಪ್ಪ ಎಲೆಬಳ್ಳಿಯ ತೋಟದಲ್ಲಿ ಎಲೆ ಕೊಯ್ಯುತ್ತಿದ್ದ. ಮಗಳ ಮುಖ ನೋಡಿದ ಕೂಡಲೇ ಅವನಿಗೆ ತಿಳಿಯಿತು.

"ಅಪ್ಪಾ, ಫೈಲಿನ ಕಡೀ ಹಾಳಿ ಎಲ್ಲೈತಿ?"

ಅವನು ಕೊಯ್ದ ಎಲೆಗಳನ್ನು ಬುಟ್ಟಿಗೆ ಹಾಕತೊಡಗಿದ.

"ಎಲ್ಲೈತಿ ಅಪ್ಪಾ?"

"ತಿಜೋರಿಯೊಳಗ ಐತಿ, ತಂಗಿ." ಅವನ ದನಿ ಸೋತಿತ್ತು. "ಅಳಿಯಂದ್ರದು ತಪ್ಪಿಲ್ಲ. ಆಕಿಗೆ ಹೇಳಬ್ಯಾಡ್ರಿ ಅಂತ ನಾನ ಅಂದಿದ್ದೆ. ಹೆದರತಿ ಅಂತ..."

"ಎಲ್ಲಾರಿಗೂ ಗೊತ್ತಿತ್ತು. ನಿನಗ, ಅವರಿಗೆ, ಡಾಕ್ಟರಿಗೆ. ನನ್ನ ಮೈಯಾಗಿನ ಸುದ್ದಿ ನನಗೊಬ್ಬಾಕಿಗೇ ಗೊತ್ತಿರಲಿಲ್ಲ!"

ಆಗ ಅತ್ತಳು. ಅಪ್ಪ ಹೆಗಲ ಮೇಲೆ ಕೈ ಇಡಲು ಬಂದರೆ ಸರಿದು ನಿಂತಳು.

*

ಮಹಾಂತೇಶ ಮರುದಿನವೇ ಬಂದ. ಕಣ್ಣು ಕೆಂಪಾಗಿದ್ದವು. ಅನ್ನವ್ವ ಕೊಟ್ಟ ಚಹಾ ಮುಟ್ಟದೆ ಜಗುಲಿಯಲ್ಲಿ ಕೂತ. ತನುಜಾ ಬಾಗಿಲಿಗೆ ಬಂದು ನಿಂತಳು.

"ತನು... ನಾ ಹೇಳ್ಬೇಕಿತ್ತು."

"ಹೌದು. ಹೇಳ್ಬೇಕಿತ್ತು."

"ನೀ ವಾರ್ಡಿನಾಗ ಇದ್ದಾಗ ಬಾಜೂ ಕಾಟಿನ ಮ್ಯಾಲ ಒಬ್ಬಾಕಿ ಬಾಣಂತಿ ಇದ್ಲು. ನಿನಗ ನೆನಪಿರಲಿಕ್ಕಿಲ್ಲ, ಎಚ್ಚರಿದ್ದಿಲ್ಲ ನೀ. ಆಕಿಗೂ ಇದ ರೋಗ. ಹೆರಿಗಿ ಆಗಿ ಹದಿನೈದ ದಿನ. ಬಾಣಂತಿ ನೀರು ಕುಡೀಬಾರದು ಅಂತ ಮನ್ಯಾಗ ನೀರ ಕೊಟ್ಟಿರಲಿಲ್ಲಂತ. ತಲಿನೋವು ಅಂದ್ರ ಗಾಳಿ ಬಡದೈತಿ ಅಂದ್ರಂತ. ಭಾಳ ತಡಾ ಮಾಡಿ ಕರಕೊಂಡ ಬಂದಿದ್ರು. ಆಕಿ ಉಳೀಲಿಲ್ಲ." ಅವನು ಮುಖ ಒರೆಸಿಕೊಂಡ. "ಕೂಸು ಹೊರಗ ಆಕಿ ಅತ್ತಿ ತೊಡಿ ಮ್ಯಾಲ ಅಳತಿತ್ತು. ಆಕಿ ಗಂಡ ಗ್ವಾಡಿಗೆ ಹಣಿ ಬಡಕೊಳ್ಳಾಕತ್ತಿದ್ದ. ಮಗು ಅಂದಾಗೆಲ್ಲಾ ನನಗ ಆ ಗಂಡ ನೆನಪಾಗತಾನ. ನೀ ಬೇಕು ತನು ನನಗ. ಮಕ್ಕಳ ಇಲ್ಲದಿದ್ರ ನಡೀತೈತಿ, ನೀ ಇಲ್ಲದಿದ್ರ ನಡ್ಯಾಂಗಿಲ್ಲ."

ತನುಜಾಳ ಮನಸ್ಸು ಒಂದು ಕ್ಷಣ ಕರಗಿತು. ಓಡಿಹೋಗಿ ಅವನ ತಲೆಯನ್ನು ಎದೆಗೊತ್ತಿಕೊಳ್ಳಬೇಕು ಅನ್ನಿಸಿತು. ಆದರೆ ಕುಂಕುಮದ ತಟ್ಟೆ ಹಿಡಿದು ನಿಂತ ಆ ಅಂಗಳ ಕಣ್ಣ ಮುಂದೆ ಬಂತು.

"ಬಂಜಿ ಅಂದಾಗ ಯಾಕ ಸುಮ್ನಿದ್ರಿ?"

"ಖರೇ ಹೇಳಿದ್ರ ಅವ್ವ ನಿನ್ನ ರೋಗಿ ಅಂತಿದ್ಲು. ಯಾವ ಮಾತು ಕಡಿಮಿ ನೋಯಿಸ್ತೈತಿ ಅಂತ ತಿಳೀಲಿಲ್ಲ..."

"ರೋಗಿ ಅನ್ನೋದೂ ನನಗ. ಬಂಜಿ ಅನ್ನೋದೂ ನನಗ. ನಿಮಗ ಯಾರರ ಏನರ ಅಂದ್ರೇನು?" ಅವಳ ದನಿ ಏರಲಿಲ್ಲ. ಅದೇ ಅವನನ್ನು ಹೆಚ್ಚು ಚುಚ್ಚಿತು. "ನಾ ಸಾಯ್ತೇನಿ ಅಂತ ಹೆದರಿದ್ರಿ. ನೀವು ಸುಮ್ನ ಹೋದ ಆ ದಿನ ನನ್ನೊಳಗ ಏನ್ ಸತ್ತಿತು ನೋಡಿದ್ರೇನು? ನನ್ನ ಪ್ರೀತಿ ಮಾಡಿದ್ರಿ, ಖರೆ. ಆದ್ರ ನನ್ನ ಮನಷ್ಯಾಳಂತ ಲೆಕ್ಕಕ್ಕ ಹಿಡೀಲಿಲ್ಲ."

"ತನು..."

"ಹೋಗ್ರಿ. ನನಗ ನಿಮ್ಮ ಮುಖ ನೋಡಿದ್ರ ಅಳು ಬರತೈತಿ."

ಅವನು ಹೋದ. ಒಳಗೆ ಬಂದು ಅವಳು ಗೋಡೆಗೆ ಆತು ಕೂತಳು. ಅಷ್ಟು ಸಿಟ್ಟಿದ್ದರೂ ಅವನು ಚಹಾ ಕುಡಿಯದೆ ಹೋದದ್ದು ನೋವಾಯಿತು. ತನ್ನ ಮೇಲೆಯೇ ಸಿಟ್ಟು ಬಂತು!

ದಿನಗಳು ತಿಂಗಳುಗಳಾದವು. ಸವಣೂರಿನಲ್ಲೇ ಒಂದು ಶಾಲೆ ಸೇರಿದಳು. ಅವನು ಫೋನ್ ಮಾಡಿದರೆ ಎತ್ತಲಿಲ್ಲ. ಭಾಗ್ಯಶ್ರೀ ಮಾತ್ರ ಆಗಾಗ ಮಾತಾಡುತ್ತಿದ್ದಳು. ಅವಳಿಗೆ ತವರಲ್ಲೇ ಗಂಡು ಮಗು ಹುಟ್ಟಿತು.

*

ಮಗುವಿಗೆ ಒಂಬತ್ತು ದಿನ. ಮಧ್ಯಾಹ್ನದ ಬಿಡುವು. ತನುಜಾ ಡಬ್ಬಿ ಬಿಚ್ಚಿ ಕೂತಿದ್ದಾಗ ಫೋನ್ ಬಂತು.

"ವೈನಿ..." ಭಾಗ್ಯಶ್ರೀಯ ದನಿ ಪಿಸುಪಿಸು. "ಅವ್ವ ಹಿತ್ತಲದಾಗ ಅದಾಳ, ಅದಕ್ಕ ಫೋನ್ ಮಾಡಿದೆ. ನಾಕು ದಿನದಿಂದ ತಲಿ ಸಿಡ್ಯಾಕತ್ತೈತಿ ವೈನಿ."

ತನುಜಾಳ ತುತ್ತು ಕೈಯಲ್ಲೇ ನಿಂತಿತು.

"ಮಲಕೊಂಡ್ರ ಜಾಸ್ತಿ ಆಗ್ತೈತೇನು?"

"ಹೂಂ. ಎದ್ದ ಕುಂತ್ರ ಜರಾ ಕಡಿಮಿ. ಮುಂಜಾನೆ ಎರಡ ಸಲ ವಾಂತಿ ಆತು. ಕೂಸಿನ ಮುಖ ಎರಡೆರಡು ಕಾಣಾಕತ್ತೈತಿ..."

"ನೀರು? ನೀರು ಎಷ್ಟ ಕುಡೀತಿ ಭಾಗ್ಯಾ?"

"ನೀರು ಎಲ್ಲೀದು ವೈನಿ! ಅವ್ವ ಮುಂಜಾನೆ ಒಂದ ಬಟ್ಲ, ಸಂಜೀಕ ಒಂದ ಬಟ್ಲ ಕೊಡ್ತಾಳ. ಬಾಣಂತಿ ಜಾಸ್ತಿ ಕುಡಿದ್ರ ಹೊಟ್ಟಿ ಬರತೈತಂತ."

ತನುಜಾ ಡಬ್ಬಿ ಅಲ್ಲೇ ಬಿಟ್ಟು ಎದ್ದಳು. ಎರಡು ತಿಂಗಳ ಮೇಲೆ ತಾನಾಗಿ ಗಂಡನ ನಂಬರು ಒತ್ತಿದಳು.

ಮೊದಲ ರಿಂಗಿಗೇ ಎತ್ತಿದ. "ತನು?"

"ಭಾಗ್ಯಾಗ ನನ್ನ ರೋಗನ ಬಂದಂಗ ಐತಿ. ಈಗಿಂದೀಗ 108 ಕರೀರಿ. ಹಾವೇರಿಗೆ ಕರಕೊಂಡ ಬರ್ರಿ, ನಾ ಅಲ್ಲಿರ್ತೇನಿ. ಸುಧಾರಾಣಿ ಮೇಡಮ್ಮಗ ನಾ ಫೋನ್ ಮಾಡ್ತೇನಿ. ಅತ್ತಿ ಏನ ಅಂದ್ರೂ ಕೇಳಬ್ಯಾಡ್ರಿ... ಇದೊಂದ ಸಲ ಸುಮ್ನ ನಿಲ್ಲಬ್ಯಾಡ್ರಿ!"

 "ಹೊಂಟೇನಿ," ಅಂದ.

ಹಾವೇರಿಯ ದವಾಖಾನೆಯ ಗೇಟಿನಲ್ಲಿ ಅವಳು ಒಂದೂವರೆ ತಾಸು ನಿಂತಳು. ಅಂಬುಲೆನ್ಸ್ ಬಂದಾಗ ಭಾಗ್ಯಶ್ರೀಯ ಎಡಗೈ ಅದುರುತ್ತಿತ್ತು. ದಾರಿಯಲ್ಲೇ ಒಮ್ಮೆ ಫಿಟ್ಸ್ ಬಂದಿತ್ತು. ಕೂಸನ್ನು ಎತ್ತಿಕೊಂಡ ವೀರವ್ವ ಇಳಿದು ಗೋಳಾಡಿದಳು. "ಗಾಳಿ ಬಡದೈತಿ, ಅಂತ್ರ ಕಟ್ಟಸೋಣು ಅಂದ್ರ ಕೇಳವಲ್ಲ ಇಂವ..."

"ಗಾಳಿ ಅಲ್ಲ ಅವ್ವಾ!" ಮಹಾಂತೇಶ ಕೂಗಿದ. ಆ ಕೂಗಿಗೆ ಸುತ್ತಲಿನವರೆಲ್ಲ ತಿರುಗಿದರು. "ತಲ್ಯಾಗ ರಕ್ತ ಗಟ್ಟಿ ಆಗತೈತಿ. ತನೂಗೂ ಆಗಿತ್ತು. ಮದುವಿ ಮುಂಚೆ. ನನಗ ಗೊತ್ತಿತ್ತು. ಬಾಣಂತಿಗೆ ನೀರ ಕೊಡದಿದ್ರ ಹಿಂಗ ಆಗತೈತಿ ಅನ್ನೋದೂ ಗೊತ್ತಿತ್ತು! ನಿನ್ನ ಮುಂದ ಹೇಳಿದ್ರ ತನೂನ ಸುದ್ದಿ ಹೊರಗ ಬರತೈತಿ ಅಂತ ಬಾಯಿ ಮುಚಗೊಂಡ ಕುಂತೆ. ನನ್ನ ತಂಗೀನ್ನ ನಾನ ಕೊಲ್ಲಾಕ ಹೊಂಟಿದ್ದೆ!"

ವೀರವ್ವ ಕೂಸನ್ನು ಎದೆಗವಚಿಕೊಂಡಳು.

"ಮತ್ತ ಇದನ್ನೂ ಕೇಳು. ತನು ಬಂಜಿ ಅಲ್ಲ. ಮಕ್ಕಳ ಬ್ಯಾಡ ಅಂದಾಂವ ನಾನು. ಆಕಿಗೆ ಹೇಳದನ. ನೀ ಆಕಿಗೆ ಬಂಜಿ ಅಂದಿ, ನಾ ಕೇಳಿ ಸುಮ್ನ ಹೋದೆ. ಆ ಮಾತು ನನಗ ಅನ್ಬೇಕಿತ್ತು ಅವ್ವಾ, ಆಕಿಗಲ್ಲ."

ಸ್ಟ್ರೆಚರ್ ತಳ್ಳುತ್ತಿದ್ದ ತನುಜಾ ನಿಲ್ಲಲಿಲ್ಲ. ಆದರೆ ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡಳು.

*

ಸ್ಕ್ಯಾನಿನಲ್ಲಿ ಅದೇ ಬಂತು. ಹಾವೇರಿಯಲ್ಲೇ ಮೊದಲ ಇಂಜೆಕ್ಷನ್ ಕೊಟ್ಟು ಹುಬ್ಬಳ್ಳಿಗೆ ಕಳಿಸಿದರು. ಎರಡು ದಿನ ಯಾರಿಗೂ ಏನೂ ತಿಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಭಾಗ್ಯಶ್ರೀ ಕಣ್ಣು ತೆರೆದು ಕೂಸು ಎಲ್ಲಿ ಅಂದಳು.

"ಲಗೂ ಬಂದದ್ದು ಚಲೋ ಆತು," ಅಂದರು ಸುಧಾರಾಣಿ. "ಎಡಗೈ ಇನ್ನೂ ಸೋತದ. ವ್ಯಾಯಾಮ ಮಾಡಿಸ್ರಿ, ಸುಧಾರಿಸ್ತದ. ಗುಳಿಗಿ ತಿಂಗಳಗಟ್ಲೆ ತಗೋಬೇಕು. ಇನ್ನೊಂದು ದಿನ ತಡಾ ಆಗಿದ್ರ ನಾ ಏನೂ ಹೇಳಾಕ ಆಗ್ತಿರಲಿಲ್ಲ."

ಕಾರಿಡಾರಿನ ಬೆಂಚಿನ ಮೇಲೆ ಮೊಮ್ಮಗನನ್ನು ಮಲಗಿಸಿಕೊಂಡು ಕೂತಿದ್ದ ವೀರವ್ವ ಸೊಸೆಯನ್ನು ಕರೆದಳು. ಅವಳಿಗೆ ಕ್ಷಮೆ ಕೇಳಿ ರೂಢಿಯಿರಲಿಲ್ಲ. ಕೂಸನ್ನು ಎತ್ತಿ ತನುಜಾಳ ತೊಡೆಯ ಮೇಲೆ ಇಟ್ಟಳು.

"ನೀ ಹಿಡಕೊ. ನನ್ನ ಕೈ ನಡಗಾಕತ್ತಾವು." ಸೆರಗಿನಿಂದ ಕಣ್ಣೊರೆಸಿಕೊಂಡಳು. "ನನ್ನ ನಾಲಿಗಿ ಸುಡ್ಲಿ, ತಂಗಿ. ನಮ್ಮವ್ವ ನನಗೂ ನೀರ ಕೊಟ್ಟಿರಲಿಲ್ಲ. ನಾ ಉಳದೆ ಅಂತ ಅದ ಖರೆ ಅಂತ ತಿಳಕೊಂಡಿದ್ದೆ."

ತನುಜಾ ಕೂಸಿನ ಬಟ್ಟೆ ಸರಿಮಾಡಿದಳು. ಕೂಸಿನ ಬಿಸಿ ತೊಡೆಗೆ ತಾಗುತ್ತಿತ್ತು. ಆ ಅಂಗಳದ ಮಾತು ಇನ್ನೂ ಎದೆಯಲ್ಲಿತ್ತು. ಆದರೂ ಅತ್ತೆಯ ನಡುಗುವ ಕೈ ಹಿಡಿದು ಒಂದು ಕ್ಷಣ ಒತ್ತಿದಳು.

ಮಹಾಂತೇಶ ದೂರದಲ್ಲಿ ಕಿಟಕಿಯ ಹತ್ತಿರ ನಿಂತಿದ್ದ. ಮೂರು ದಿನದಿಂದ ಅವಳ ಹತ್ತಿರ ಬರಲು ಧೈರ್ಯ ಮಾಡಿರಲಿಲ್ಲ. ಅವಳು ಕೂಸನ್ನು ವೀರವ್ವನಿಗೆ ಒಪ್ಪಿಸಿ ಅವನ ಬಳಿ ಹೋದಳು.

"ಮೇಡಂ ಪುರಸೊತ್ತಾಗಿ ಕುಂತಾರ. ನಾ ಒಳಗ ಹೊಂಟೇನಿ," ಅಂದಳು. "ನನ್ನ ಬಗ್ಗೆ ಕೇಳಾಕ. ನೀವೂ ಬರ್ರಿ. ಈ ಸಲ ಏನ ಹೇಳಿದ್ರೂ ನನ್ನ ಕಿವೀಲೆ ಕೇಳ್ತೇನಿ."

ಅವನು ತಲೆಯಾಡಿಸಿದ.

"ಕೂಸು ಬೇಕೋ ಬ್ಯಾಡೋ, ಅದನ್ನ ಇಬ್ಬರೂ ಕೂಡಿ ವಿಚಾರ ಮಾಡೋಣು. ಆದ್ರ ಕಡೀ ಮಾತು ನಂದು. ಒಪ್ಪಿಗೇನು?"

"ಒಪ್ಪಿಗಿ."

"ಮತ್ತ ನನಗ ಇನ್ನ ಸಿಟ್ಟು ಹೋಗಿಲ್ಲ. ಯಾವಾಗ ಹೋಗತೈತೋ ಗೊತ್ತಿಲ್ಲ."

"ಇರಲಿ. ನನ್ನ ಮ್ಯಾಲ ಎಷ್ಟ ದಿನ ಬೇಕಾದ್ರೂ ಸಿಟ್ಟ ಮಾಡು. ಮನಿಗೆ ಬಂದ ಮಾಡು, ಅಷ್ಟ ಸಾಕು."

ಅವಳಿಗೆ ನಗು ಬಂತು. ತಡೆದುಕೊಂಡಳು. ತಡೆದದ್ದು ಕಣ್ಣೀರಾಗಿ ಬಂತು.

"ಈಗ ಮನಸಿನಾಗ ಏನೈತಿ? ಮುಚ್ಚಿಡದ ಹೇಳ್ರಿ."

ಮಹಾಂತೇಶ ಅವಳ ಕಣ್ಣು ನೋಡಿದ. ಬಹಳ ದಿನಗಳ ಮೇಲೆ ತಲೆ ತಗ್ಗಿಸದೆ ನೋಡಿದ.

"ಹೆದರಿಕಿ ಐತಿ ತನು. ಭಾಳ ಹೆದರಿಕಿ ಐತಿ."

"ನನಗೂ," ಅಂದಳು ಅವಳು.

ಆಮೇಲೆ ಅವನ ಕೈ ಹಿಡಿದುಕೊಂಡು ಡಾಕ್ಟರರ ಬಾಗಿಲು ತಟ್ಟಿದಳು.